ಬಯಲುಸೀಮೆಯ ಮನೆಗೆ ಜರೀಗಿಡ

ಮಹಾಬಳೇಶ್ವರ, ಅಂಬೋಲಿ ಕಡೆ ಪ್ರವಾಸ ಹೋದವರು ಅಲ್ಲಿಯ ಜರೀಗಿಡಗಳನ್ನು ಬೇರುಸಹಿತ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ. ಯುಗಾದಿ ಬರುವುದರೊಳಗೆ ಅವು ಒಣಗಿರುತ್ತವೆ. ಕಾರಣ ಸ್ಪಷ್ಟ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ. ಮೀರಿ ಮಳೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟ ಭಾಗದಲ್ಲಿ ಅದರ ಹತ್ತರಲ್ಲೊಂದು ಪಾಲು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ.

ಹಾಗಾದರೆ ನಮ್ಮವರು ಜರೀಗಿಡ ಬೆಳೆಸಲೇಬಾರದೇ? ಬೆಳೆಸಬೇಕು, ಆದರೆ ಕಿತ್ತು ತರಬಾರದು ಎಂಬುದು ನಮ್ಮ ಅಭಿಪ್ರಾಯ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಜರೀಗಿಡ ಸಂಗ್ರಹಿಸುವ ಹುಚ್ಚು ಹಬ್ಬಿ, ಅಪರೂಪದ ಕೆಲವು ಜಾತಿಗಳು ತಮ್ಮ ನೆಲೆಯಲ್ಲೇ ವಿರಳವಾದವು. ಆ ಪಾಠ ನಮಗೆ ಸಾಕು.

ಎಲ್ಲ ಜರೀಗಿಡಗಳೂ ಘಟ್ಟದವಲ್ಲ. ಹಳೆಯ ಬಾವಿಗಳ ಗಾರೆಯ ಬಿರುಕುಗಳಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಜಾತಿಗೆ ಸುಣ್ಣವೆಂದರೆ ಪ್ರೀತಿ. ಮಣ್ಣಿನ ಆರ್ಸೆನಿಕ್ ವಿಷವನ್ನು ಇದು ಎಲೆಗಳಲ್ಲಿ ಸಂಗ್ರಹಿಸುತ್ತದೆಂದು 2001ರಲ್ಲಿ ಫ್ಲೋರಿಡಾದ ವಿಜ್ಞಾನಿಗಳು ತೋರಿಸಿದರು. ದನಗಳಿಗೆಂದು ತೊಟ್ಟಿಯಲ್ಲಿ ಬೆಳೆಸುವ ಅಜೋಲಾ ಕೂಡ ಜರೀಗಿಡದ ಜಾತಿಯೇ! ಇದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಸಂಗ್ರಹಕ್ಕೆ ಒಂದು ಬಲಿತ ಎಲೆ ಸಾಕು. ಮಕ್ಕಳನ್ನು ಬಾವಿಗೆ ಇಳಿಸದೆ ದೊಡ್ಡವರೇ ತರಲಿ. ಎಲೆಯ ಹಿಂಬದಿ ಅಂಚಿನಗುಂಟ ಕಾಣುವ ಕಂದು ಗೆರೆ ರೋಗವಲ್ಲ, ಬೀಜಕಗಳ ರಾಶಿ. ಎಲೆಯನ್ನು ಕಾಗದದಲ್ಲಿ ಮಡಿಸಿ ಎರಡು ದಿನ ಇಟ್ಟರೆ ಪುಡಿ ಉದುರುತ್ತದೆ. ಇಟ್ಟಂಗಿ ಚೂರನ್ನು ಕುದಿಯುವ ನೀರಿನಲ್ಲಿ ನೆನೆಸಿ, ಆರಿಸಿ, ನೀರಿರುವ ತಟ್ಟೆಯಲ್ಲಿಟ್ಟು, ಪುಡಿ ಉದುರಿಸಿ ಗಾಜಿನಿಂದ ಮುಚ್ಚಬೇಕು. ಕೆಲವು ವಾರಗಳಲ್ಲಿ ಹಸಿರು ಮೂಡುತ್ತದೆ. ಮುಂದೆ ಹೃದಯದಾಕಾರದ ಪುಟ್ಟ ಪ್ರೋಥ್ಯಾಲಸ್ ಕಾಣುತ್ತದೆ. ಸಸಿಯಾಗಲು ತಿಂಗಳುಗಳೇ ಬೇಕು, ತಾಳ್ಮೆ ಇರಲಿ. ನೆಡುವಾಗ ಬರೀ ಎರಿಮಣ್ಣು ಬೇಡ, ಅದರಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಎಲೆಗೊಬ್ಬರ, ಮರಳು, ಇಟ್ಟಂಗಿ ಚೂರು ಬೆರೆಸಿ, ಕುಂಡವನ್ನು ನೆರಳಲ್ಲಿ, ನೀರಿನ ಗಡಿಗೆಯ ಪಕ್ಕ ಇಡಿ.

ಇದು ಬರೀ ತೋಟದ ಮಾತಲ್ಲ. ನಮ್ಮ ಮಕ್ಕಳು ಓಣಿಯಲ್ಲಿ ಮರಾಠಿಯ 'ನೇಚೆ' ಕೇಳುತ್ತಾರೆ, ಶಾಲೆಯಲ್ಲಿ 'ಜರೀಗಿಡ' ಓದುತ್ತಾರೆ. ಎರಡೂ ಬೇಕು. ಆದರೆ ಕಣ್ಣಾರೆ ಕಾಣದ ವಸ್ತುವಿನ ಹೆಸರು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ಗಡಿಯಾಚೆಯ ಕನ್ನಡ ಉಳಿಯುವುದು ಭಾಷಣದಿಂದಲ್ಲ, ಇಂಥ ಒಂದೊಂದು ಶಬ್ದ ಮಕ್ಕಳ ಕೈಗೆ ಸಿಕ್ಕಾಗ. ಈ ಮಳೆಗಾಲದಲ್ಲಿ ಪ್ರತಿ ಕನ್ನಡ ಶಾಲೆಯ ಜಗುಲಿಯಲ್ಲಿ ಒಂದು ತಟ್ಟೆ, ಒಂದು ಇಟ್ಟಂಗಿ ಚೂರು ಇಡೋಣ. ಏನಂತೀರಿ, ಗುರುಬಂಧುಗಳೇ?