ಪಂಜರದ ಗೋಸುಂಬೆ ಮತ್ತು ಶ್ರಾವಕನ ಅಣುವ್ರತ

ಹೊತ್ತಿಗೊಂದು ಮಾತನಾಡುವವನನ್ನು ಗೋಸುಂಬೆಯೆಂದು ಜರಿಯುವುದು ಲೋಕದ ರೂಢಿ. ಆ ಮೂಕಜೀವಿಗೆ ಮನುಷ್ಯನು ಮಾಡಿದ ಮೊದಲನೆಯ ಅನ್ಯಾಯವಿದು. ಅದು ಬಣ್ಣ ಬದಲಿಸುವುದು ಕಪಟದಿಂದಲ್ಲ. ಬಿಸಿಲು, ಚಳಿ, ಭಯ, ಎದುರಾಳಿಯ ಸಾಮೀಪ್ಯ ಇವುಗಳಿಗೆ ಅದರ ಚರ್ಮವು ತೋರುವ ಸಹಜ ಪ್ರತಿಕ್ರಿಯೆಯಷ್ಟೆ. ಎರಡನೆಯ ಅನ್ಯಾಯ ಇನ್ನೂ ಘೋರವಾದುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಬೇಲಿಸಾಲುಗಳಲ್ಲಿ ಬದುಕುವ ಈ ಪ್ರಾಣಿಯನ್ನು ಹಿಡಿದು, ಕೌತುಕಕ್ಕಾಗಿ ಪಂಜರದಲ್ಲಿಟ್ಟು, ಅದನ್ನು ಸಾಕಣೆಯೆಂದು ಕರೆಯುವುದೇ ಆ ಅನ್ಯಾಯ. ಕಲ್ಲೆಸೆದು ಕೊಲ್ಲುವವನ ಕೃತ್ಯ ಹಿಂಸೆಯೆಂಬುದು ಎಲ್ಲರಿಗೂ ಕಾಣುತ್ತದೆ. ಪಂಜರದಲ್ಲಿಟ್ಟವನ ಹಿಂಸೆಯಾದರೋ ದಯೆಯ ವೇಷ ತೊಟ್ಟಿರುತ್ತದೆ.

ಹೀಗೆ ಸಾಕುವವರ ಸಮರ್ಥನೆ ಸರಳವಾದುದು: ನಾಯಿ, ಕಾಗೆ, ವಾಹನಗಳಿಂದ ಅದನ್ನು ಉಳಿಸಿದಂತಾಯಿತು, ರೋಗ ಬಂದರೆ ಚಿಕಿತ್ಸೆ ಕೊಡಿಸಿದರಾಯಿತು. ಆದರೆ ಪಂಜರದ ಗೋಸುಂಬೆಗೆ ಸಾಮಾನ್ಯವಾಗಿ ಬರುವ ರೋಗಗಳಾವುವೆಂದು ಪರಿಶೀಲಿಸಿದರೆ ಈ ಸಮರ್ಥನೆ ನಿಲ್ಲದು.

ಕೈಕಾಲುಗಳು ಬಾಗುವುದು, ದವಡೆ ಮೆತ್ತಗಾಗುವುದು, ಕೊಂಬೆಯ ಮೇಲಿನ ಹಿಡಿತ ತಪ್ಪುವುದು, ಚಾಚಿದ ನಾಲಿಗೆ ಗುರಿ ಮುಟ್ಟದಿರುವುದು ಮೂಳೆಸವೆತದ ಲಕ್ಷಣಗಳು. ಸುಣ್ಣದ ಅಂಶದ ಕೊರತೆ, ಬಿಸಿಲಿನ ಅಭಾವಗಳೇ ಇದಕ್ಕೆ ಕಾರಣ. ಮೂಳೆಗೆ ಬೇಕಾದ ಕಿರಣಗಳು ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ. ಕಣ್ಣು ಗುಳಿಬೀಳುವುದು, ಹಿಕ್ಕೆಯ ಜೊತೆಗಿರುವ ಬಿಳಿಯ ಭಾಗ ಗಾಢ ಹಳದಿಗೆ ತಿರುಗುವುದು ನೀರಿನ ಕೊರತೆಯ ಗುರುತು. ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುವ ಪ್ರಾಣಿಯದು. ಬಟ್ಟಲಿನಲ್ಲಿ ನಿಂತ ನೀರನ್ನು ಅದು ಬಹುಮಟ್ಟಿಗೆ ಗುರುತಿಸದು. ಬಾಯಿ ತೆರೆದು ಉಸಿರೆಳೆಯುವುದು, ಮೂಗುಬಾಯಿಗಳಲ್ಲಿ ಲೋಳೆ ಕಾಣುವುದು ಶ್ವಾಸಕೋಶದ ಸೋಂಕಿನ ಸೂಚನೆ. ಗಾಳಿಯಾಡದ ಪೆಟ್ಟಿಗೆಯ ತೇವ ಮತ್ತು ಚಳಿ ಅದನ್ನು ಬೆಳೆಸುತ್ತವೆ. ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತ ಗೋಸುಂಬೆ ಅಸ್ವಸ್ಥವೆಂದೇ ತಿಳಿಯಬೇಕು. ಮಣ್ಣು ತೋಡಿ ಮೊಟ್ಟೆಯಿಡುವ ಹೆಣ್ಣಿಗೆ ಮಣ್ಣೇ ದೊರೆಯದಿದ್ದರೆ ಮೊಟ್ಟೆಗಳು ಒಡಲಲ್ಲೇ ಉಳಿದು ಪ್ರಾಣ ತೆಗೆಯುತ್ತವೆ. ಒಂಟಿಯಾಗಿರಬಯಸುವ ಎರಡು ಜೀವಿಗಳನ್ನು ಒಂದೆಡೆ ಕೂಡಿದರೆ ಭಯದಿಂದಲೇ ಅವು ಕೃಶವಾಗುತ್ತವೆ.

ಬಿಸಿಲು, ಹನಿ, ಗಾಳಿ, ಮಣ್ಣು, ಏಕಾಂತ: ಬೇಲಿಯ ಮೇಲೆ ಇವೆಲ್ಲವೂ ಬೆಲೆಯಿಲ್ಲದೆ ದೊರೆಯುತ್ತಿದ್ದವು. ಕಸಿದುಕೊಂಡವನೇ ಬಳಿಕ ಔಷಧದ ಸೀಸೆ ಹಿಡಿದು ನಿಂತರೆ ಅದು ಕರುಣೆಯೆನಿಸೀತೇ?

ಶ್ರಾವಕನಿಗೆ ಇದಕ್ಕಿಂತ ಕಠಿನವಾದ ಪ್ರಶ್ನೆ ಆಹಾರದ್ದು. ಗೋಸುಂಬೆ ಸೊಪ್ಪುಸದೆ ತಿಂದು ಬದುಕುವ ಪ್ರಾಣಿಯಲ್ಲ. ಚಲಿಸುವ ಕೀಟವೇ ಅದರ ಆಹಾರ. ಮಿಡತೆ, ನೊಣಗಳು ಚತುರಿಂದ್ರಿಯ ತ್ರಸಜೀವಗಳು. ಕಾಡಿನಲ್ಲಿ ಗೋಸುಂಬೆ ಅವನ್ನು ತಿನ್ನುವುದು ಅದರ ತಿರ್ಯಂಚ ಪರ್ಯಾಯಕ್ಕೆ ಸೇರಿದ ವಿಷಯ. ಅದರಲ್ಲಿ ಮನುಷ್ಯನ ಕೈಯಿಲ್ಲ. ಆದರೆ ಕೀಟವನ್ನು ಹಿಡಿದು ತಂದು ಪಂಜರದೊಳಗೆ ಬಿಡುವ ಕೈ ಸಂಕಲ್ಪೀ ಹಿಂಸೆಯನ್ನೇ ಮಾಡುತ್ತದೆ. ಕೀಟ ಕೊಡಲೊಲ್ಲೆನೆಂದು ಹಣ್ಣುತರಕಾರಿ ಇಟ್ಟರೆ ಅದು ಅನ್ನಪಾನನಿರೋಧ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ ಮೊದಲನೆಯದು, ಅನ್ನಪಾನನಿರೋಧ ಕೊನೆಯದು. ಪಂಜರವೊಂದು ಮನೆಗೆ ಬಂದ ದಿನವೇ ಬಂಧವಾಯಿತು. ಆ ಬಳಿಕ ತ್ರಸಹಿಂಸೆಯೋ ಅನ್ನಪಾನನಿರೋಧವೋ ಎಂಬ ಆಯ್ಕೆಯಷ್ಟೇ ಉಳಿಯುತ್ತದೆ. ನಿರ್ದೋಷವಾದ ಮೂರನೆಯ ದಾರಿ ಅಲ್ಲಿಲ್ಲ.

ರಾಜ್ಯಶಾಸನವೂ ಇದನ್ನು ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗೋಸುಂಬೆಯನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ವಿದೇಶೀ ಗೋಸುಂಬೆಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಹಾಗೂ 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಆದರೆ ನೋಂದಣಿಯ ಪತ್ರವು ಶಾಸನದ ದೋಷವನ್ನು ಕಳೆದೀತೇ ಹೊರತು ವ್ರತಭಂಗವನ್ನಲ್ಲ.

ಹಾಗಾದರೆ ಗಾಯಗೊಂಡ ಗೋಸುಂಬೆ ಅಂಗಳದಲ್ಲಿ ಕಂಡರೆ ಸುಮ್ಮನಿರಬೇಕೇ? ಖಂಡಿತ ಇಲ್ಲ. ಗಾಳಿಯಾಡುವ ಪೆಟ್ಟಿಗೆಯೊಳಗೆ ಒಂದು ಕೊಂಬೆಯಿಟ್ಟು, ಅದನ್ನು ನೆರಳಿನಲ್ಲಿ, ಗದ್ದಲವಿಲ್ಲದ ಕಡೆ ಇರಿಸಿ, ತಡಮಾಡದೆ ಅರಣ್ಯ ಇಲಾಖೆಯ ಸಮೀಪದ ಕಚೇರಿಗೆ ತಿಳಿಸಬೇಕು. ಬಲವಂತದಿಂದ ಬಾಯಿಗೆ ನೀರು ಹೊಯ್ಯಬಾರದು. ಮನುಷ್ಯರ ಔಷಧ ಹಾಕಬಾರದು. ಬಹುಕಾಲ ಪಂಜರದಲ್ಲಿದ್ದು ಸೊರಗಿದ ಪ್ರಾಣಿಯನ್ನು ಪಾಪಭೀತಿಯಿಂದ ರಾತ್ರೋರಾತ್ರಿ ಬೇಲಿಗೆ ಬಿಡುವುದೂ ತಪ್ಪೇ. ಅದನ್ನೂ ಇಲಾಖೆಗೆ ಒಪ್ಪಿಸಬೇಕು. ವಿದೇಶೀ ಪ್ರಾಣಿಯನ್ನಂತೂ ಎಂದಿಗೂ ಹೊರಗೆ ಬಿಡಕೂಡದು. ಅದನ್ನು ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಮತ್ತೊಂದನ್ನು ಕೊಳ್ಳಬಾರದು, ಮರಿಮಾಡಿಸಬಾರದು.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇನ್ನೂ ದೊಡ್ಡದು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಂಡೆಯ ಮೇಲೆ ಬಾಹುಬಲಿಸ್ವಾಮಿ ನಿಂತಿರುವ ಸೀಮೆಯಿದು. ಮೈಮೇಲೆ ಬಳ್ಳಿ ಹಬ್ಬಿದರೂ, ಪಾದದ ಬಳಿ ಹುತ್ತ ಬೆಳೆದರೂ ಚಲಿಸದೆ ನಿಂತ ತಪಸ್ವಿಯ ಮೂರ್ತಿಗೆ ಅಭಿಷೇಕ ಮಾಡಿ, ಆವರಣದ ಪೊದೆಗೆ ಬೆಂಕಿಯಿಡುವುದು ಯಾವ ಧರ್ಮ? ಆವರಣದ ಬೇಲಿಯನ್ನು ಸುಡದಿರಲಿ, ವಿಷ ಸಿಂಪಡಿಸದಿರಲಿ, ಅಂಗಳವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚದೆ ಒಂದು ಮೂಲೆಯ ಮಣ್ಣನ್ನಾದರೂ ಉಳಿಸಲಿ. ಪಾಠಶಾಲೆಯಲ್ಲಿ ಪಂಚಾಣುವ್ರತಗಳನ್ನು ಕಂಠಪಾಠ ಮಾಡಿಸುವಾಗ ಬಂಧವೆಂದರೇನೆಂಬುದಕ್ಕೆ ಈ ಪಂಜರದ ಉದಾಹರಣೆಯನ್ನೇ ಹೇಳಲಿ.

ಗೋಸುಂಬೆಯ ಬಣ್ಣ ಬದಲಾಗುವುದು ಅದರ ಪ್ರಕೃತಿ. ಬಸದಿಯಲ್ಲಿ ಅಭಯದಾನದ ಪ್ರವಚನ ಕೇಳಿ, ಮನೆಯಲ್ಲಿ ಪಂಜರದ ಬಾಗಿಲು ಹಾಕುವ ಶ್ರಾವಕನ ಬಣ್ಣ ಬದಲಾಗುವುದು ಮಾತ್ರ ಪ್ರಕೃತಿಯಲ್ಲ, ಪ್ರಮಾದ. ಅದಕ್ಕೆ ಔಷಧವಿರುವುದು ಅವನ ಕೈಯಲ್ಲೇ: ಹಿಡಿಯದಿರುವುದು, ಕೊಳ್ಳದಿರುವುದು.