ಬೋರಿಗೂ ಒಂದು ಗುರುತು ಹಾಕಿ

ಕಡಲೆಕಾಯಿ ಮೂಟೆ ಹಾಕಿಕೊಂಡು ಸೆಟ್ಟೂರಿನಿಂದ ಚಳ್ಳಕೆರೆಗೆ ಹೋಗಿ ಬರುವುದು ನನಗೆ ಮೂವತ್ತು ವರ್ಷದ ಅಭ್ಯಾಸ. ದಾರಿಯಲ್ಲಿ ರಾಜ್ಯ ಬದಲಾಗುತ್ತದೆ, ಬೋರ್ಡಿನ ಅಕ್ಷರ ಬದಲಾಗುತ್ತದೆ. ಮಣ್ಣು ಮಾತ್ರ ಬದಲಾಗುವುದಿಲ್ಲ, ಕೆಳಗಿನ ಬಂಡೆಯೂ ಬದಲಾಗುವುದಿಲ್ಲ. ಆ ಬಂಡೆಯ ಸಂದಿಯಲ್ಲಿರುವ ನೀರಿಗಂತೂ ಗಡಿ ಅನ್ನುವುದೇ ಗೊತ್ತಿಲ್ಲ. ಆ ನೀರಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ನಮ್ಮ ತಂದೆ ಕೊನೆಗಾಲದಲ್ಲಿ ಸೊಂಟ ಬಗ್ಗಿಸಲಾರದೆ, ಕತ್ತು ತಿರುಗಿಸಲಾರದೆ ಜಗಲಿ ಮೇಲೆ ಕೂತಿರುತ್ತಿದ್ದರು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. 'ವಯಸ್ಸಾಯ್ತಲ್ಲಪ್ಪಾ, ವಾಯು ಹಿಡಿದೈತೆ' ಅಂದರು ಊರಿನವರು. ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನೋವಿನ ಮಾತ್ರೆ ಕೊಟ್ಟರು. ಯಾವ ನೀರು ಕುಡೀತೀರಿ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಮೊಮ್ಮಗಳ ಹಲ್ಲಿನ ಮೇಲೆ ಕಂದು ಗೆರೆ ಬಂತು. 'ನೆಟ್ಟಗೆ ಉಜ್ಜಲ್ಲ ನೀನು' ಅಂತ ನಾನೇ ಗದರಿಸಿದೆ. ಮಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವುದನ್ನು ಕಲಿತಿತು. ಕಡೆಗೆ ಒಂದು ದಿನ ಊರಿನ ಹೆಣ್ಣುಮಗಳೊಬ್ಬಳು ಪರೀಕ್ಷೆಯ ಡಬ್ಬಿ ತಂದು ನಮ್ಮ ಬೋರಿನ ನೀರು ನೋಡಿದಳು. 'ಇದು ಕುಡಿಯೋ ನೀರಲ್ಲ ಮಾವ' ಅಂದಳು. ಅಪ್ಪನ ಸೊಂಟಕ್ಕೂ ಮೊಮ್ಮಗಳ ಹಲ್ಲಿಗೂ ಇದ್ದ ಸಂಬಂಧ ನನಗೆ ಹೊಳೆದದ್ದು ಆಗ.

ಫ್ಲೋರೈಡ್ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 1.5 ಕಡೆಯ ಮಿತಿ. ಅದು ದಾಟಿದ ನೀರನ್ನು ಎಂಟು ವರ್ಷದೊಳಗಿನ ಮಕ್ಕಳು ಕುಡಿಯುತ್ತಾ ಬಂದರೆ ಹುಟ್ಟುವ ಹಲ್ಲೇ ಕಲೆಯಾಗುತ್ತದೆ. ಬಹಳ ಹೆಚ್ಚಿದ್ದು ದೊಡ್ಡವರು ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು ಗಟ್ಟಿಯಾಗುತ್ತವೆ. ಆಮೇಲೆ ವಾಸಿ ಮಾಡುವ ಔಷಧಿ ಇಲ್ಲ, ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಕುದಿಸಿದರೆ ಹೋಗುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.

ಇದು ಹೊಸ ಸಂಗತಿಯೂ ಅಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ. ಸುಣ್ಣ, ಪಟಿಕ ಹಾಕಿ ಫ್ಲೋರೈಡ್ ಇಳಿಸುವ ವಿಧಾನಕ್ಕೆ ನಲ್ಗೊಂಡದ ಹೆಸರೇ ಇದೆ. ಕೇಂದ್ರ ಸರ್ಕಾರ 2008-09ರಲ್ಲಿ ಫ್ಲೋರೋಸಿಸ್ ತಡೆಗೆಂದೇ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ನೀರು ತರುವ ಕೆಲಸವೂ ನಡೆದಿಲ್ಲ ಅನ್ನಲಾರೆ. 1995-96ರಲ್ಲಿ ಸತ್ಯಸಾಯಿ ಯೋಜನೆ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗೆ ನೀರು ಕೊಟ್ಟಿತು. ಆಮೇಲೆ ಶ್ರೀರಾಮರೆಡ್ಡಿ ಯೋಜನೆಯ ಪೈಪು ಬಂತು. ಆಚೆ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ತುಂಗಭದ್ರಾ ಹಿನ್ನೀರಿನ ಯೋಜನೆ ರೂಪಿಸಿದರು.

ಆದರೆ ಪೈಪು ಹಾಕುವುದು ಇಂಜಿನಿಯರ ಕೆಲಸ. ಯಾವ ನೀರು ಯಾತಕ್ಕೆ ಎಂದು ಮನೆಯ ಹೆಂಗಸಿಗೆ ತಿಳಿಸುವುದು ಆರೋಗ್ಯ ಇಲಾಖೆಯ ಕೆಲಸ. ಪೈಪಿನಲ್ಲಿ ಎರಡು ದಿನ ನೀರು ನಿಂತರೆ ನಾವು ಮತ್ತೆ ಬೋರಿನ ಹತ್ತಿರವೇ ಬಿಂದಿಗೆ ಇಡುತ್ತೇವೆ. ಫಿಲ್ಟರ್ ನೀರಿನ ಕ್ಯಾನು ತರುವ ಮನೆಗಳಲ್ಲೂ ಅದು ಕುಡಿಯುವುದಕ್ಕೆ ಮಾತ್ರ. ಮುದ್ದೆ, ಸಾರು, ಟೀ ಎಲ್ಲಾ ಬೋರಿನ ನೀರಿನಲ್ಲೇ. ನಮ್ಮ ಮನೆಯಲ್ಲೂ ಹೀಗೇ ನಡೆದಿತ್ತು. ಅಡಿಗೆಯ ಮೂಲಕವೂ ಅದೇ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

'ಜನ ಕೇಳಲ್ಲ ಸಾಮಿ, ಸಿಬ್ಬಂದಿಗೆ ಪುರಸೊತ್ತಿಲ್ಲ' ಎಂದು ಅಧಿಕಾರಿಗಳು ಹೇಳಬಹುದು. ಪುರಸೊತ್ತಿಲ್ಲದಿರುವುದು ನಿಜ. ಏಎನ್‌ಎಂ, ಆಶಾ ಹೆಣ್ಣುಮಕ್ಕಳ ತಲೆ ಮೇಲೆ ಎಷ್ಟು ರಿಜಿಸ್ಟರ್ ಇವೆ ಅಂತ ಊರಿಗೇ ಗೊತ್ತು. ಜನ ಕೇಳುವುದಿಲ್ಲ ಅನ್ನುವುದನ್ನು ಮಾತ್ರ ಒಪ್ಪಲಾರೆ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದಾಗಲೂ ಇದೇ ಮಾತು ಇತ್ತು. ಮನೆಮನೆಗೆ ಬಂದರು, ಹನಿ ಹಾಕಿದರು, ಬಾಗಿಲ ಪಕ್ಕ ಗುರುತು ಬರೆದು ಹೋದರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ಪ್ರಕರಣ ಕಂಡಿಲ್ಲ. 2014ರ ಮಾರ್ಚ್ 27ಕ್ಕೆ ನಾವು ಪೋಲಿಯೋ ಮುಕ್ತರೆಂಬ ಪ್ರಮಾಣಪತ್ರ ಬಂತು. ಅದನ್ನು ಮಾಡಿದ್ದು ಇದೇ ಇಲಾಖೆ, ಇದೇ ಹೆಣ್ಣುಮಕ್ಕಳು. ಮನೆ ಬಾಗಿಲಿಗೆ ಬರೆದ ಗುರುತನ್ನು ಬೋರಿಗೂ ಬರೆಯಲಿ ಅನ್ನುವುದು ನನ್ನ ಕೋರಿಕೆ. ಬಾಂಗ್ಲಾದೇಶದಲ್ಲಿ ನೀರಿನಲ್ಲಿ ಆರ್ಸೆನಿಕ್ ವಿಷ ಕಂಡಾಗ ಲಕ್ಷಾಂತರ ಕೊಳವೆಬಾವಿ ಪರೀಕ್ಷೆ ಮಾಡಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಬಣ್ಣಕ್ಕೆ ಅಕ್ಷರ ಬೇಕಾಗಿಲ್ಲ.

ಇನ್ನು ಭಾಷೆ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ನಮಗೆ ಯಾವ ಭಾಷೆಯ ಮೇಲೂ ಜಗಳವಿಲ್ಲ. ಆದರೆ ಆರೋಗ್ಯದ ಮಾತು ಮನೆಯ ಮಾತಿನಲ್ಲಿ ಬಂದರೆ ಅಡಿಗೆಮನೆ ತನಕ ಹೋಗುತ್ತದೆ. ಒಂದು ಹಾಳೆಯ ಈ ಬದಿ ತೆಲುಗು, ಆ ಬದಿ ಕನ್ನಡ ಅಚ್ಚು ಹಾಕಿಸಲು ಎಷ್ಟು ಖರ್ಚಾದೀತು?

ಕೇಳುವುದು ಇಷ್ಟೇ. ವರ್ಷಕ್ಕೆರಡು ಸಲ, ಮಳೆಗೆ ಮೊದಲು ಮತ್ತು ಮಳೆ ಆದ ಮೇಲೆ, ಕುಡಿಯುವ ನೀರಿನ ಪ್ರತಿ ಬೋರೂ ಪರೀಕ್ಷೆಯಾಗಲಿ. ಜಲಜೀವನ ಮಿಷನ್‌ನಲ್ಲಿ ಹಳ್ಳಿಗೆ ಐದು ಮಂದಿ ಹೆಂಗಸರಿಗೆ ಈ ಪರೀಕ್ಷೆ ಕಲಿಸಬೇಕೆಂದೇ ಇದೆ. ಫಲಿತಾಂಶ ಫೈಲಿಗೆ ಸೇರದೆ ಬೋರಿನ ಕಟ್ಟೆ ಮೇಲೆ ಬಣ್ಣವಾಗಿ ಬರಲಿ. ಶಾಲೆಯಲ್ಲಿ ಮಕ್ಕಳ ಹಲ್ಲು ನೋಡಲಿ. ಸೊಂಟನೋವು ಅಂತ ಬಂದವರಿಗೆ ಮಾತ್ರೆಯ ಮೊದಲು 'ಯಾವ ನೀರು' ಅನ್ನುವ ಪ್ರಶ್ನೆ ಇರಲಿ. ಅನಂತಪುರದ ಅಧಿಕಾರಿಗಳೂ ಚಿತ್ರದುರ್ಗದ ಅಧಿಕಾರಿಗಳೂ ವರ್ಷಕ್ಕೊಮ್ಮೆ ಒಂದೇ ಮೇಜಿಗೆ ಕೂತು ಈ ಲೆಕ್ಕ ಹೋಲಿಸಲಿ.

ನಮ್ಮ ತಪ್ಪೂ ಇದೆ. ಮೂಟೆ ಬಿಚ್ಚಿ ನಾಲ್ಕು ಕಾಯಿ ಒಡೆದು ನೋಡದೆ ನಾವು ಯಾರೂ ರೇಟು ಕಟ್ಟುವುದಿಲ್ಲ. ಮಕ್ಕಳು ಕುಡಿಯುವ ನೀರನ್ನು ಮಾತ್ರ ನೋಡದೆಯೇ ಕೊಟ್ಟುಬಿಟ್ಟೆವು. ನಮ್ಮ ಮನೆಯಲ್ಲಿ ಈಗ ಅಡಿಗೆಗೂ ಬೇರೆ ನೀರೇ. ಮೊಮ್ಮಗಳ ಹಲ್ಲಿನ ಕಲೆ ಹೋಗುವುದಿಲ್ಲ. ಈಗ ತೊಟ್ಟಿಲಲ್ಲಿರುವ ಅವಳ ತಮ್ಮನಿಗೆ ಬಾರದಿರಲಿ ಅನ್ನುವುದಕ್ಕೆ ಇಷ್ಟು ಬರೆದೆ.