ಮುಳ್ಳಿನ ಮೀಟರ್ ಗುಜರಿಗೆ ಹಾಕುವ ಮುನ್ನ

ಹಿಂಗಾರಿ ಕಡಲೆ ಬಿತ್ತುವ ಹೊತ್ತಿಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಸಾಮಾನ್ಯವಾಗಿ ಕೇಳುವ ಮಾತು ಒಂದೇ: “ಬ್ಯಾಟರಿ ಹೋಗೇತಿ ಕಾಕಾ, ಹೊಸಾದು ಹಾಕಸ್ರಿ.” ಹೊಲದ ಹದ ಆರುತ್ತದೆ ಎಂಬ ಅವಸರದಲ್ಲಿ ರೈತ ವಾದಕ್ಕೆ ಇಳಿಯುವುದಿಲ್ಲ, ಸಾವಿರಾರು ರೂಪಾಯಿ ಎಣಿಸಿ ಕೊಡುತ್ತಾನೆ. ಬ್ಯಾಟರಿ ಹೋಗಿದೆ ಎಂದು ಹೇಳಿದ್ದು ಯಾವ ಮೀಟರ್, ಆ ಮೀಟರ್ ಸರಿ ಇತ್ತೇ ಎಂದು ಕೇಳುವವರಿಲ್ಲ. ಕೇಳಬೇಕು ಎಂಬುದು ನಮ್ಮ ವಾದ.

ಗ್ಯಾರೇಜಿನ ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಮುಳ್ಳಿನ ಮೀಟರ್ ಈ ಕೆಲಸಕ್ಕೆ ಇವತ್ತಿಗೂ ಒಳ್ಳೆಯದು. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ತೋರಿಸುತ್ತದೆ. ಸೆಲ್ಫ್ ಹೊಡೆದಾಗ ಮುಳ್ಳು ಎಷ್ಟು ಇಳಿಯಿತು, ಅಲ್ಲೇ ನಿಂತಿತೋ ಇನ್ನೂ ಜಾರಿತೋ ಕಣ್ಣಿಗೆ ಕಾಣುತ್ತದೆ. ಅಗ್ಗದ ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಕುಣಿಯುವುದಷ್ಟೇ ಕಾಣುತ್ತದೆ. ಆದರೆ ಸುಳ್ಳು ಹೇಳುವ ಮುಳ್ಳಿಗಿಂತ ಮೀಟರ್ ಇಲ್ಲದಿರುವುದೇ ವಾಸಿ. ಹಾಗಾಗಿ ಮೊದಲ ಪರೀಕ್ಷೆ ಮೀಟರಿಗೇ ಆಗಬೇಕು.

ಬಹಳ ಸಲ ಕೆಟ್ಟಿರುವುದು ಮೀಟರ್ ಅಲ್ಲ, ಅದರ ವೈರು. ಕೆಂಪು, ಕಪ್ಪು ವೈರುಗಳು ಮಡಚಿ ಮಡಚಿ ತುದಿಯ ಹತ್ತಿರ ಒಳಗೇ ಹರಿದಿರುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ಆಮೇಲೆ ಸೆಲ್ಲು. ವೋಲ್ಟ್ ತೋರಿಸುತ್ತಿದ್ದು ಓಮ್ಸ್‌ನಲ್ಲಿ ಮುಳ್ಳು ಸೊನ್ನೆಗೆ ಬರದಿದ್ದರೆ ಸೆಲ್ಲು ಸತ್ತಿದೆ ಎಂದೇ ಮೊದಲು ಸಂಶಯಪಡಿ. ವರ್ಷಗಟ್ಟಲೆ ಒಳಗೇ ಬಿಟ್ಟ ಸೆಲ್ಲು ಸೋರಿ ತಗಡಿಗೆ ಕಿಲುಬು ಹಿಡಿಸಿರುತ್ತದೆ. ಅದನ್ನು ಕೆರೆದು ತೆಗೆದರೆ ಸಾಕು. ಮುಳ್ಳು ನಡುವೆ ಅಂಟಿಕೊಳ್ಳುತ್ತಿದ್ದರೆ ಒಣ ಬಟ್ಟೆಯಿಂದ ಉಜ್ಜಿದ ಪ್ಲಾಸ್ಟಿಕ್ ಮುಚ್ಚಳ ಅದನ್ನು ಎಳೆಯುತ್ತಿರಬಹುದು, ಒದ್ದೆ ಬಟ್ಟೆ ಆಡಿಸಿ ನೋಡಿ. ಆಗಲೂ ಅಂಟಿದರೆ ಆಯಸ್ಕಾಂತದ ಸಂದಿಯಲ್ಲಿ ಕಬ್ಬಿಣದ ಪುಡಿ ಹೊಕ್ಕಿರಬಹುದು. ಗ್ರೈಂಡರ್ ಹಚ್ಚುವ ಟೇಬಲ್ ಮೇಲೆ ಮೀಟರ್ ಬಿಚ್ಚಬೇಡಿ ಎನ್ನುವುದು ಇದಕ್ಕೇ.

ಒಳಗಿನ ಕಾಯಿಲ್ ಜೀವಂತ ಇದೆಯೋ ಎಂದು ತಿಳಿಯಲು ಇನ್ನೊಂದು ಮೀಟರಿನ ಓಮ್ಸ್ ಹಚ್ಚುವವರಿದ್ದಾರೆ. ಅದು ಅಪಾಯ, ಹೆಚ್ಚು ಕರೆಂಟ್ ಹರಿದು ಮುಳ್ಳು ಬಾಗಬಹುದು, ಕಾಯಿಲ್ಲೇ ಸುಡಬಹುದು. ಸುಲಭದ ದಾರಿ ಬೇರೆ ಇದೆ. ಕಾಯಿಲ್‌ನ ಒಂದು ತುದಿಯನ್ನು ಸರ್ಕ್ಯೂಟಿನಿಂದ ಬಿಡಿಸಿ, ಎರಡೂ ತುದಿಗಳನ್ನು ತುಂಡು ತಂತಿಯಿಂದ ಕೂಡಿಸಿ, ಮೀಟರನ್ನು ಕೈಯಲ್ಲಿ ಮೆಲ್ಲಗೆ ಅಲುಗಾಡಿಸಿ. ಕಾಯಿಲ್ ಸರಿ ಇದ್ದರೆ ಮುಳ್ಳು ಎಣ್ಣೆಯಲ್ಲಿ ಮುಳುಗಿದ ಹಾಗೆ ಭಾರವಾಗಿ ಆಡುತ್ತದೆ, ತಂತಿ ತೆಗೆದರೆ ಹಗುರಾಗಿ ಓಲಾಡುತ್ತದೆ. ಎರಡೂ ಸಲ ಒಂದೇ ತರಹ ಹಗುರಾಗಿ ಆಡಿದರೆ ಕಾಯಿಲ್ ಹರಿದಿದೆ. ಆಯಸ್ಕಾಂತದ ನಡುವೆ ತಿರುಗುವ ಕಾಯಿಲ್ ತಾನೇ ಕರೆಂಟ್ ಹುಟ್ಟಿಸಿ ತನ್ನನ್ನು ತಡೆಯುತ್ತದೆ, ಗುಟ್ಟು ಅಷ್ಟೇ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾಲದ ಡ್ವೆಲ್ ಮೀಟರಿಗಂತೂ ಅನ್ಯಾಯವೇ ಆಗಿದೆ. ಅದು ಲೆಕ್ಕ ಹಾಕುವುದು ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬುದನ್ನು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದೊಂದರ ಪಾಲಿಗೆ 90 ಡಿಗ್ರಿ ಬರುತ್ತದೆ. ಅದನ್ನೇ ಡೀಸೆಲ್ ಟ್ರ್ಯಾಕ್ಟರಿಗೆ ಹಚ್ಚಿ, ಮುಳ್ಳು ಏಳಲಿಲ್ಲವೆಂದು ಗುಜರಿಗೆ ಹಾಕಿದರೆ ತಪ್ಪು ಮೀಟರಿನದಲ್ಲ. ಡೀಸೆಲ್ಲಿಗೆ ಪಾಯಿಂಟೂ ಇಲ್ಲ, ಕಿಡಿಯೂ ಇಲ್ಲ.

ಟ್ರ್ಯಾಕ್ಟರ್ ಇರುವ ಓದುಗರು ಒಂದು ಪರೀಕ್ಷೆಯನ್ನು ನಿಂತು ನೋಡಿ. ಮೀಟರಿನ ಒಂದು ವೈರು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಇರಲಿ. ಸೆಲ್ಫ್ ಹೊಡೆದಾಗ ಮುಳ್ಳು ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಕೇಬಲ್ ಅಥವಾ ಅದರ ಬೋಲ್ಟ್ ತೊಂದರೆ ಕೊಡುತ್ತಿದೆ. ಅದನ್ನು ಉಜ್ಜಿ ಬಿಗಿ ಮಾಡದೆ ಹೊಸ ಬ್ಯಾಟರಿಗೆ ಒಪ್ಪಬೇಡಿ. “ಮೀಟರ್ ತೋರಸಪಾ” ಎಂದು ಕೇಳಿದರೆ ಯಾವ ಒಳ್ಳೆಯ ಮೆಕ್ಯಾನಿಕ್ಕೂ ಮುನಿಸಿಕೊಳ್ಳುವುದಿಲ್ಲ.

ನಮ್ಮ ಕಡೆಯ ಐಟಿಐಗಳಲ್ಲಿ ಮೀಟರ್ ಓದುವುದರ ಜೊತೆಗೆ ಮೀಟರನ್ನೇ ಪರೀಕ್ಷಿಸುವುದನ್ನೂ ಹುಡುಗರ ಕೈಯಿಂದ ಮಾಡಿಸಲಿ. ದೊಡ್ಡ ಅನುದಾನವೇನೂ ಬೇಡ. ಒಂದು ಕೆಟ್ಟ ಮೀಟರ್, ಒಂದು ಸ್ಕ್ರೂಡ್ರೈವರ್, ತುಂಡು ತಂತಿ, ಅರ್ಧ ತಾಸು ಸಾಕು.